ಹೊಂಡದ ಏಡಿ, ಹೊಳೆಯ ಏಡಿ

"ಅಕ್ಕೋರೆ, ಏಡಿ ಹೊಟ್ಟೆ ಕೊಯ್ದು ನೋಡಿದ್ರೆ ಅದು ಉಂಡದ್ದಾ, ಉಪಾಸ ಇದ್ದದ್ದಾ ತಿಳೀತದಾ?"

ಕಾರವಾರದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಬೆಳಂಬಾರದ ಮಹಿಳಾ ಸಂಘದ ಅಧ್ಯಕ್ಷೆ ಕೇಳಿದ ಮೊದಲ ಪ್ರಶ್ನೆ ಇದು. ಕಂಕುಳಲ್ಲಿ ಒದ್ದೆ ಗೋಣಿ ಮುಚ್ಚಿದ ಬುಟ್ಟಿ. ಒಳಗೆ ಕಾಲು ಕಟ್ಟಿದ ಎಂಟು ಏಡಿಗಳು ಬಾಯಲ್ಲಿ ನೊರೆ ಕಟ್ಟಿಕೊಂಡು ಕೂತಿದ್ದವು. ಅಂಕೋಲೆಯಿಂದ ಬಸ್ಸಿನಲ್ಲಿ ಆ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರಂತೆ. ಪಕ್ಕದ ಸೀಟಿನವರು ಎದ್ದು ಹೋದರು ಅಂತ ನಕ್ಕರು. ಆಮೇಲೆ ನಗಲಿಲ್ಲ.

ಸಂಘದವರು ಹೊಳೆಯ ಅಂಚಿನಲ್ಲಿ ಉಪ್ಪುನೀರಿಗೆ ಬೇರು ಬಿಟ್ಟ ಕಾಂಡ್ಲಾ ಗಿಡಗಳ ಮಗ್ಗುಲಲ್ಲಿ ಬಿದಿರು, ಬಲೆ ಕಟ್ಟಿ ಏಡಿ ಸಾಕುವ ಒಂದು ಬೇಲಿ ಮಾಡಿಕೊಂಡಿದ್ದರು. ದೀಪಾವಳಿ ಮುಗಿದ ಮೇಲೆ ಬೆಂಕಿಪೆಟ್ಟಿಗೆಯಷ್ಟು ಅಗಲದ ಮರಿಗಳನ್ನು ಬಿಟ್ಟಿದ್ದರು. ಶಿವರಾತ್ರಿ ಕಳೆದರೂ ಅವು ಅಂಗೈಯಷ್ಟಕ್ಕೇ ನಿಂತುಬಿಟ್ಟಿದ್ದವು. ಎರಡೂ ಕೈಯಲ್ಲಿ ಹಿಡಿಯಬೇಕಾದಂಥ ದೊಡ್ಡ ಏಡಿ ಆಗುತ್ತದೆ ಎಂದು ನಂಬಿದ್ದವರಿಗೆ ಇದು ದೊಡ್ಡ ಪೆಟ್ಟು. ದಿನಾ ಮೀನಿನ ತಲೆ, ಕರುಳು ತಂದು ಹಾಕುವ ಕೆಲಸ ಸಂಘದ ಒಬ್ಬ ಹೆಂಗಸಿಗೆ ವಹಿಸಲಾಗಿತ್ತು. ಅವಳು ಸರಿಯಾಗಿ ಹಾಕಲಿಲ್ಲ, ಅರ್ಧಕ್ಕರ್ಧ ಬೇರೆ ಕಡೆ ಸಾಗಿಸಿದಳು ಎಂಬ ಮಾತು ಎದ್ದಿತ್ತು.

"ನಾ ಹಾಂಗೆ ಹೇಳೂದಿಲ್ಲ. ಆದ್ರೆ ಹತ್ತು ಬಾಯಿ ಹೇಳ್ತ್ರು. ನೀವು ಕೊಯ್ದು ನೋಡಿ ಒಂದು ಮಾತು ಹೇಳ್ಬಿಡಿ" ಎಂದರು ಅಧ್ಯಕ್ಷೆ.

ನನಗೆ ಅಲ್ಲಿ ಒಂದು ಋಣವಿತ್ತು. ಯಾವ ಮರಿಯನ್ನು ಆರಿಸಿ ಬಿಡಬೇಕು ಎಂದು ಅವರಿಗೆ ತರಬೇತಿ ಕೊಟ್ಟವಳು ನಾನೇ. ಚಿತ್ರ ಸಮೇತ ಒಂದು ಪುಟದ ಕರಪತ್ರ ಬರೆದು, ಝೆರಾಕ್ಸ್ ಮಾಡಿಸಿ ಹಂಚಿದ್ದೆ. ನಮ್ಮ ಕರಾವಳಿಯ ಕೆಸರು ಏಡಿಗಳಲ್ಲಿ ಎರಡು ಜಾತಿ ಮುಖ್ಯ. ದೊಡ್ಡದಾಗಿ ಬೆಳೆಯುವುದು ಸ್ಕಿಲ್ಲಾ ಸೆರ್ರಾಟಾ. ಅಷ್ಟು ಬೆಳೆಯದ್ದು ಸ್ಕಿಲ್ಲಾ ಒಲಿವೇಸಿಯಾ. ಇವೆರಡಕ್ಕೂ ಬಹುಕಾಲ ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡು ಗೊಂದಲ ನಡೆದಿದೆ. ಬಣ್ಣ ನಂಬುವ ಹಾಗಿಲ್ಲ. ಕೆಸರು ಬದಲಾದರೆ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಇಕ್ಕುಳ ಕಾಲಿನ ಮುಂಗೈ ಗಂಟಿನ ಹೊರ ಅಂಚು ನೋಡಿ, ಅಲ್ಲಿ ಎರಡು ಚೂಪು ಮುಳ್ಳು ಇದ್ದರೆ ದೊಡ್ಡ ಜಾತಿ ಎಂದು ಬರೆದಿದ್ದೆ. ಮರಿ ಬಿಡುವ ದಿನ ನಾನೂ ಹೋಗಿದ್ದೆ. ಹತ್ತಾರು ಮರಿ ಎತ್ತಿ, ಮುಳ್ಳು ನೋಡಿ, ಸರಿ ಇದೆ ಎಂದಿದ್ದೆ.

ಅಧ್ಯಕ್ಷೆಯ ಎದುರಿಗೇ ಏಡಿಗಳನ್ನು ಮಂಜುಗಡ್ಡೆಯಲ್ಲಿ ಇಟ್ಟು, ಅವು ಸ್ತಬ್ಧವಾದ ಮೇಲೆ ಕೊಯ್ದೆ. ಎಂಟರಲ್ಲಿ ಏಳರ ಹೊಟ್ಟೆ ತುಂಬಿತ್ತು. ಮೀನಿನ ಮುಳ್ಳು, ಹುರುಪೆ, ಚಿಪ್ಪಿನ ಚೂರು. ಎಂಟನೆಯದು ಪೊರೆ ಬಿಡುವ ಹೊತ್ತಿನದು. ಆಗ ಏಡಿ ತಿನ್ನುವುದಿಲ್ಲ.

"ಉಂಡಿವೆ. ಚೆನ್ನಾಗಿಯೇ ಉಂಡಿವೆ" ಎಂದೆ.

"ಉಂಡ್ರೆ ಬೆಳೀಲಿಲ್ಲ ಎಂತಕ್ಕೆ?"

ನೋಡಿ ಹೇಳುತ್ತೇನೆ ಎಂದೆ. ಅವರನ್ನು ಕಳಿಸಿ ಬಂದು ಚಿಪ್ಪುಗಳನ್ನು ತೊಳೆದು ಸಾಲಾಗಿ ಇಟ್ಟೆ. ಮೊದಲು ಕಣ್ಣಿಗೆ ಬಿದ್ದದ್ದು ಹೆಣ್ಣುಗಳ ಹೊಟ್ಟೆಯ ಮಡಿಕೆ. ಎಳೆಯ ಹೆಣ್ಣಿನಲ್ಲಿ ಅದು ತ್ರಿಕೋನವಾಗಿ ಕಿರಿದಾಗಿರುತ್ತದೆ. ಇವುಗಳಲ್ಲಿ ದುಂಡಗೆ, ಅಗಲವಾಗಿ, ಕಪ್ಪಿಟ್ಟು, ಅಂಚಿಗೆ ರೋಮ ಬಂದಿತ್ತು. ಅಂದರೆ ಪ್ರಾಯಕ್ಕೆ ಬಂದ ಹೆಣ್ಣುಗಳು. ದೊಡ್ಡ ಜಾತಿ ಇಷ್ಟು ಚಿಕ್ಕ ಮೈಯಲ್ಲಿ ಪ್ರಾಯಕ್ಕೆ ಬರುವುದಿಲ್ಲ. ಇಕ್ಕುಳ ಕಾಲು ತಿರುಗಿಸಿ ಮುಂಗೈ ನೋಡಿದೆ. ಎರಡು ಮುಳ್ಳು ಇರಬೇಕಾದಲ್ಲಿ ಒಂದು ಮೊಂಡು ಉಬ್ಬು ಬಿಟ್ಟರೆ ಏನೂ ಇಲ್ಲ. ಎಂಟಕ್ಕೆ ಎಂಟೂ ಹಾಗೇ.

ಮರಿ ಬಿಡುವ ದಿನ ನಾನೇ ಬೆರಳಿಂದ ಮುಟ್ಟಿ ನೋಡಿದ್ದ ಮುಳ್ಳು ಈಗ ಎಲ್ಲಿ ಹೋಯಿತು? ಯಾರಾದರೂ ಏಡಿಗಳನ್ನು ಬದಲಾಯಿಸಿದರೇ? ಒಪ್ಪಿಕೊಳ್ಳುತ್ತೇನೆ, ಆ ಯೋಚನೆ ನನಗೂ ಬಂತು.

ಮರುವಾರ ಬೆಳಂಬಾರಕ್ಕೆ ಹೋದೆ. ಏಡಿಗೆ ತಿನ್ನಿಸುತ್ತಿದ್ದ ಹೆಂಗಸು ಸಂಘದ ಕಡೆ ಬರುವುದನ್ನೇ ಬಿಟ್ಟು ಶೇಂಗಾ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಗದ್ದೆಯ ಅಂಚಿನಲ್ಲೇ ಸಿಕ್ಕಳು. ನಲವತ್ತೈದರ ಆಸುಪಾಸು. ಬಲಗೈ ಹೆಬ್ಬೆರಳ ಬುಡದಲ್ಲಿ ಏಡಿ ಕಚ್ಚಿದ ಹಳೆಯ ಕಲೆ. ನಾನು ಬಂದ ಕಾರಣ ಹೇಳಿದೆ. ಅವಳು ಬುಟ್ಟಿ ಕೆಳಗಿಡಲಿಲ್ಲ.

"ನೀವೂ ಕೇಳೂಕೆ ಬಂದ್ರಾ, ಮೀನು ಎಲ್ಲಿ ಹೋಯ್ತು ಅಂತ?"

"ಇಲ್ಲ. ಹೊಟ್ಟೆ ಕೊಯ್ದು ನೋಡಿದ್ದೇನೆ. ತಿಂದಿದ್ದವು. ನನಗೆ ಬೇಕಾಗಿರುವುದು ಬೇರೆ. ಅವು ಮರಿ ಇದ್ದಾಗ ಹೇಗಿದ್ದವು?"

ಆಗ ಅವಳು ಬುಟ್ಟಿ ಕೆಳಗಿಟ್ಟಳು. ಆಮೇಲೆ ಮನೆಗೆ ಕರೆದುಕೊಂಡು ಹೋಗಿ, ಹಿತ್ತಲ ಮಾಡಿನ ಕೆಳಗಿಂದ ಒಂದು ಗೊಬ್ಬರದ ಚೀಲ ಎಳೆದು ತಂದು ನನ್ನ ಮುಂದೆ ಸುರಿದಳು. ಚೀಲದ ತುಂಬ ಏಡಿಗಳು ಬಿಟ್ಟ ಪೊರೆಗಳು. ಒಣಗಿ ಹಗುರಾದ, ಕಾಲು, ಇಕ್ಕುಳದ ಕೊಂಬು ಸಮೇತ ಇಡಿಯಾಗಿ ಕಳಚಿದ ಚಿಪ್ಪುಗಳು. ಚಿಕ್ಕವು, ನಡುವಿನವು, ಅಂಗೈಯಷ್ಟಿನವು.

"ಬೇಲಿ ಒಳಗೆ ತೇಲ್ತಿದ್ವು. ಹೆಕ್ಕಿ ಹೆಕ್ಕಿ ಇಟ್ಟೆ. ಹೊಟ್ಟೆಗೆ ಇಲ್ದೇ ಇದ್ದ ಏಡಿ ಪೊರೆ ಬಿಡ್ತದಾ, ನೀವೇ ಹೇಳಿ. ಇದನ್ನ ತೋರ್ಸೂಕೆ ಹೋದ್ರೆ ಯಾರೂ ನೋಡ್ಲಿಲ್ಲ. ವಾಸನೆ ಅಂದ್ರು."

ನನ್ನ ವೃತ್ತಿಯಲ್ಲಿ ಅಷ್ಟು ಅಚ್ಚುಕಟ್ಟಾದ ಸಂಗ್ರಹವನ್ನು ನಾನು ಕಂಡದ್ದು ಕಡಿಮೆ. ಅದನ್ನು ಹೇಳಿದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಆದರೆ ಕೂತಳು, ಮಾತಾಡಿದಳು. ಅವರ ಮನೆಯಲ್ಲಿ ಎರಡು ಹೆಸರಿತ್ತು: ಹೊಂಡದ ಏಡಿ, ಹೊಳೆ ಏಡಿ. ಹೊಂಡದ್ದು ಕಾಂಡ್ಲಾ ಬೇರಿನ ಕೆಳಗೆ ಬಿಲ ತೋಡಿ ಕೂತಿರುತ್ತದೆ, ಕೊಂಬು ಕೆಂಪು. ಹೊಳೆಯದ್ದು ನೀರಿನಲ್ಲಿ ಅಲೆಯುತ್ತದೆ, ಹಸಿರು ಮೈ, ಕಾಲ ಮೇಲೆಲ್ಲ ಬಲೆಯಂಥ ಗೆರೆ.

"ಬೇಲಿಯಲ್ಲಿ ಇದ್ದವು ಯಾವುವು?"

"ಈಗ ನೋಡಿದ್ರೆ ಹೊಂಡದ್ದೇ. ಮರಿಯಾಗಿ ಇದ್ದಾಗ ನಂಗೂ ತಿಳೀಲಿಲ್ಲ. ಮರಿ ಎಲ್ಲ ಒಂದೇ ನಮೂನಿ ಕಾಣ್ತವೆ. ಕಾಗ್ದದಲ್ಲಿ ನೀವು ಬರ್ದದ್ದು ನೋಡಿ ಹೌದು ಅಂದೆ."

ಸಂಘಕ್ಕೆ ಆ ಮರಿಗಳನ್ನು ಹಿಡಿದು ಕೊಟ್ಟವನನ್ನೂ ಕಂಡೆ. ಅವನ ಕುಟುಂಬದ ಜಮೀನು ಚೆಂಡಿಯಾದ ಕಡೆ ನೌಕಾನೆಲೆಗೆ ಹೋಗಿತ್ತು. ಈಗ ಪುನರ್ವಸತಿ ಕಾಲೊನಿಯಲ್ಲಿ ಮನೆ, ಹಗಲು ಗಾರೆ ಕೆಲಸ, ಇಳಿತ ಸಿಕ್ಕಿದ ದಿನ ಏಡಿ. ಮನೆಮಾತು ಕೊಂಕಣಿ; ಹೆಂಗಸರನ್ನು ಬಾಯಿ ಎಂದು ಕರೆಯುತ್ತಾನೆ, ಏಡಿಗೆ ಕುರ್ಲಿ ಅನ್ನುತ್ತಾನೆ. "ಅರೆ ಬಾಯಿ, ಎರಡು ಮುಳ್ಳಿಂದು ಮಾತ್ರ ಹೆಕ್ಕಿ ಕೊಟ್ಟದ್ದು. ಒಂದು ಮುಳ್ಳಿನ ಕುರ್ಲಿ ಎಲ್ಲ ವಾಪಸ್ ಬಿಟ್ಟೆ. ಕರಪತ್ರ ಇನ್ನೂ ಕಿಸೆಯಲ್ಲೇ ಅದೆ" ಎಂದು ತೆಗೆದು ತೋರಿಸಿದ. ಮಡಿಕೆ ಬಿದ್ದು ಹರಿದಿತ್ತು. ಅವನು ಸುಳ್ಳು ಹೇಳುವವನ ಹಾಗೆ ಕಾಣಲಿಲ್ಲ.

ಹಾಗಾದರೆ ಉಳಿದದ್ದು ಒಂದೇ ದಾರಿ. ಮುಳ್ಳನ್ನು ಬಿಟ್ಟು ಬೇರೇನನ್ನಾದರೂ ಕೇಳಬೇಕು. ಏಡಿಯ ಜೀವಕೋಶವನ್ನೇ ಕೇಳಬೇಕು.

ಏಡಿ ಹಿಡಿಯುವವನ ಜೊತೆ ಮೂರು ವಾರ ಇಳಿತದ ಹೊತ್ತಿಗೆ ಕೆಸರು ತುಳಿದೆ. ಬೆಳಂಬಾರದ ಕಾಂಡ್ಲಾ ಬುಡ, ಕಾಳಿ ಹೊಳೆಯ ಅಳಿವೆ, ಅರ್ಗಾದ ಈಚೆಗೆ ನೌಕಾನೆಲೆಯವರು ನಮಗೆ ಹೋಗಲು ಬಿಡುವಷ್ಟು ದೂರದ ಒಂದು ಕಿರುಹಳ್ಳ. ಬಿಲದಿಂದ ಕೊಕ್ಕೆ ಹಾಕಿ ಎಳೆದವು, ನೀರಿನಲ್ಲಿ ಬಲೆಗೆ ಬಿದ್ದವು, ದೊಡ್ಡವು, ಮರಿಗಳು, ಎಲ್ಲ ಸೇರಿ ಅರವತ್ತು ಚಿಲ್ಲರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಹಣೆಯ ಫೋಟೊ, ಮುಂಗೈ ಫೋಟೊ, ಈಜುಕಾಲಿನ ಫೋಟೊ. ಒಂದು ಕಾಲಿನ ತುದಿ ಕತ್ತರಿಸಿ ಮದ್ಯಸಾರದ ಸೀಸೆಗೆ. ಏಡಿಗೆ ಆ ಕಾಲು ಮುಂದಿನ ಪೊರೆಯಲ್ಲಿ ಮತ್ತೆ ಬರುತ್ತದೆ. ಇಷ್ಟಾದ ಮೇಲೆ ಮರಿಗಳನ್ನೂ ಮೊಟ್ಟೆ ಹೊತ್ತವನ್ನೂ ಹಿಡಿದಲ್ಲೇ ಬಿಟ್ಟೆವು.

ಒಂದು ನಿಯಮ ಮಾಡಿಕೊಂಡೆ. ಅಳತೆ ಮಾಡುವವರಿಗೆ ಜೀನಿನ ಫಲಿತಾಂಶ ಗೊತ್ತಿರಬಾರದು, ಜೀನು ಓದುವವರಿಗೆ ಏಡಿಯ ಮೈ ಗೊತ್ತಿರಬಾರದು. ಅಳತೆಯ ಕೆಲಸ ನಮ್ಮ ಪ್ರಯೋಗಾಲಯದ ಸಹಾಯಕನಿಗೆ ಕೊಟ್ಟೆ. ವರ್ನಿಯರ್ ಕ್ಯಾಲಿಪರ್ ಹಿಡಿದರೆ ಕೈ ನಡುಗದ ಮನುಷ್ಯ. ಫೋಟೊ ದೊಡ್ಡದು ಮಾಡಿ, ಕಣ್ಣುಗಳ ನಡುವೆ ಚಿಪ್ಪಿನಂಚಿನಲ್ಲಿ ಎದ್ದ ಹಣೆಯ ನಾಲ್ಕು ಹಲ್ಲುಗಳ ಎತ್ತರ, ಅವುಗಳ ನಡುವಿನ ತಗ್ಗು, ಮುಂಗೈಯ ಮುಳ್ಳುಗಳ ಉದ್ದ, ಎಲ್ಲ ಬರೆದುಕೊಂಡ. ಜೀನಿನ ಕಡೆ ನಾನು.

ಮೊದಲ ಹೆಜ್ಜೆಯಲ್ಲೇ ಎಡವಿದೆ. ಹೋಲಿಕೆಗೆ ಅಂತ ಕಾಲೇಜಿನ ಸಂಗ್ರಹದ ಹಳೆಯ ಗಾಜಿನ ಭರಣಿಗಳಲ್ಲಿದ್ದ ಏಡಿಗಳಿಂದಲೂ ಮಾಂಸದ ಚೂರು ತೆಗೆದಿದ್ದೆ. ಅವೆಲ್ಲ ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ನೆನೆದವು. ಡಿಎನ್ಎ ಚೂರುಚೂರಾಗಿತ್ತು. ಎರಡು ವಾರ ವ್ಯರ್ಥ. ಹೊಸ ಸೀಸೆಗಳಿಂದ ಡಿಎನ್ಎ ಚೆನ್ನಾಗಿ ಬಂತು. ಮೈಟೊಕಾಂಡ್ರಿಯದ ಒಂದು ಜೀನಿನ ಆರುನೂರು ಅಕ್ಷರಗಳಷ್ಟು ತುಂಡನ್ನು ಯಂತ್ರದಲ್ಲಿ ದ್ವಿಗುಣಿಸಿ, ಓದಿಸಲು ಹೊರಗಿನ ಪ್ರಯೋಗಾಲಯಕ್ಕೆ ಕೊರಿಯರ್ ಮಾಡಿದೆ. ಬಂದ ಓದಿನಲ್ಲಿ ಹತ್ತಾರು ಕಡೆ ಒಂದೇ ಜಾಗದಲ್ಲಿ ಎರಡು ಅಕ್ಷರಗಳು ಒಂದರ ಮೇಲೊಂದು ಕೂತಿದ್ದವು. ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ. ಆ ಜೀನಿನ ಒಂದು ಸವಕಲು ನಕಲು ಜೀವಕೋಶದ ಇನ್ನೊಂದು ಮೂಲೆಯಲ್ಲಿ ಅಡಗಿ ಕೂತಿದ್ದು ಅದೂ ದ್ವಿಗುಣಗೊಂಡಿತ್ತು. ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತು ಹಿಡಿಯುವ ಬೇರೆ ಪ್ರೈಮರ್ ತರಿಸಿ, ಉಷ್ಣತೆ ಸ್ವಲ್ಪ ಏರಿಸಿ, ಮತ್ತೆ ಮಾಡಿದೆ. ಈ ಸಲ ಒಂದೇ ದನಿ ಕೇಳಿಸಿತು.

ಆಮೇಲೆ ಹೆಸರಿನ ಕಷ್ಟ. ಜಗತ್ತಿನವರೆಲ್ಲ ತಮ್ಮ ಅನುಕ್ರಮಗಳನ್ನು ಹಾಕುವ ಸಾರ್ವಜನಿಕ ಭಂಡಾರದಲ್ಲಿ ಹೋಲಿಸಿ ನೋಡಿದರೆ, ಅಕ್ಷರಕ್ಕಕ್ಷರ ಒಂದೇ ಇರುವ ಅನುಕ್ರಮ ಎರಡು ಜಾತಿಯ ಹೆಸರಲ್ಲೂ ಇತ್ತು. ನನ್ನಂತೆಯೇ ಮೈ ನೋಡಿ ಮೋಸ ಹೋದವರು ಅಲ್ಲೂ ಇದ್ದರು. ಹೆಸರನ್ನು ಪಕ್ಕಕ್ಕಿಟ್ಟೆ. ನನ್ನ ಏಡಿಗಳು ತಮ್ಮೊಳಗೇ ಹೇಗೆ ಗುಂಪಾಗುತ್ತವೆ ಎಂದಷ್ಟೇ ನೋಡಿದೆ. ಎರಡು ಗುಂಪು. ಗುಂಪಿನೊಳಗೆ ಒಂದೆರಡು ಅಕ್ಷರದ ವ್ಯತ್ಯಾಸ, ಗುಂಪುಗಳ ನಡುವೆ ಹತ್ತಾರು. ನಡುವೆ ಯಾರೂ ಇಲ್ಲ.

ನನ್ನ ಪಟ್ಟಿ, ಸಹಾಯಕನ ಪಟ್ಟಿ ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿದ ಬೆಳಿಗ್ಗೆ ನನಗೆ ಚಹಾ ನೆನಪಾಗಲಿಲ್ಲ. ದೊಡ್ಡ ಏಡಿಗಳು ಒಂದೂ ತಪ್ಪಲಿಲ್ಲ. ಬಿಲದಿಂದ ಬಂದ ಮೊಂಡು ಮುಂಗೈಯವೆಲ್ಲ ಒಂದು ಗುಂಪು, ನೀರಿನಿಂದ ಬಂದ ಎರಡು ಮುಳ್ಳಿನವೆಲ್ಲ ಇನ್ನೊಂದು. ಬೆಳಂಬಾರದ ಮನೆಯ ಎರಡು ಹೆಸರು ಸರಿಯಾಗಿಯೇ ಇದ್ದವು. ಮರಿಗಳ ಸಾಲಿಗೆ ಬಂದಾಗ ಕೆಟ್ಟಿತು. ಹನ್ನೊಂದು ಮರಿಗಳ ಮುಂಗೈ ಒಂದು ಹೇಳುತ್ತಿತ್ತು, ಜೀನು ಇನ್ನೊಂದು.

ಸಹಾಯಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಸೀಸೆ ಅದಲುಬದಲು ಆಗಿರ್ಬೇಕು ಮೇಡಂ. ಇಲ್ಲಾ ಬೆರಕೆ ಏಡಿ. ಸಣ್ಣವನ್ನೆಲ್ಲ ಬಿಟ್ಬಿಡಿ. ದೊಡ್ಡವಷ್ಟೇ ಇಟ್ರೆ ಪೇಪರ್ ಚೊಕ್ಕ ಆಗ್ತದೆ."

ಅವನು ಹೇಳಿದ್ದರಲ್ಲಿ ಮೋಸವಿರಲಿಲ್ಲ. ಬಲಿತ ಏಡಿಗಳನ್ನು ಮಾತ್ರ ಅಳೆಯುವುದು ಎಷ್ಟೋ ಕಡೆ ರೂಢಿ. ನನ್ನ ಕರಪತ್ರಕ್ಕೆ ಆಧಾರವಾದ ಪುಸ್ತಕಗಳೂ ಬಲಿತವನ್ನು ನೋಡಿಯೇ ಬರೆದವು. ಆದರೆ ಬೇಲಿಗೆ ಬಿಡುವುದು ಮರಿಯನ್ನು. ಆ ಹೆಂಗಸರ ಕೈಯಲ್ಲಿದ್ದದ್ದು ಮರಿ, ನನ್ನ ಪಟ್ಟಿಯಿಂದ ಬಿಡಬೇಕು ಅನ್ನುತ್ತಿರುವುದೂ ಮರಿ. ಬಿಡುವುದಿಲ್ಲ ಎಂದೆ. ಹನ್ನೊಂದಕ್ಕೂ ಮತ್ತೆ ಮೊದಲಿಂದ ಡಿಎನ್ಎ ತೆಗೆಯೋಣ, ಈ ಸಲ ಒಂದು ದಿನಕ್ಕೆ ಒಂದೇ ಸೀಸೆ ತೆರೆಯೋಣ ಎಂದೆ. ಮಳೆ ಬರುವ ಮೊದಲು ಬೇಲಿ ಬಿಚ್ಚಬೇಕಿತ್ತು. ಅಧ್ಯಕ್ಷೆಯ ಫೋನು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ಸಹಾಯಕ ನಿಟ್ಟುಸಿರು ಬಿಟ್ಟು ಕೈಗವಸು ಹಾಕಿಕೊಂಡ.

ಫಲಿತಾಂಶ ಬದಲಾಗಲಿಲ್ಲ. ಹನ್ನೊಂದೂ ಹೊಂಡದ ಏಡಿಗಳೇ.

ಆಗ, ಅವಳಿಂದ ಕೇಳಿ ತಂದಿದ್ದ ಆ ಗೊಬ್ಬರದ ಚೀಲದ ಪೊರೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಂದೆ. ಅಳತೆಯ ಪ್ರಕಾರ ಜೋಡಿಸಿದೆ. ಅತಿ ಚಿಕ್ಕವುಗಳ ಮುಂಗೈಯಲ್ಲಿ ಒಂದು ಸ್ಪಷ್ಟ ಮುಳ್ಳು, ಅದರ ಪಕ್ಕದಲ್ಲಿ ಹರಳಿನಂಥ ಒಂದು ಚೂಪು ಮೊನೆ. ಬರಿಗಣ್ಣಿಗೆ, ಕೆಸರು ಮೆತ್ತಿದ ಬೆರಳಿಗೆ, ಅದೂ ಮುಳ್ಳೇ. ನಡುವಿನ ಅಳತೆಯವುಗಳಲ್ಲಿ ಹರಳು ಅಡಗಿ ಮುಳ್ಳು ಮೊಟಕಾಗಿತ್ತು. ಅಂಗೈಯಷ್ಟಿನವುಗಳಲ್ಲಿ ಬರೀ ಉಬ್ಬು. ಪೊರೆ ಬಿಟ್ಟಂತೆಲ್ಲ ಏಡಿ ತನ್ನ ಮುಳ್ಳನ್ನೂ ಬಿಡುತ್ತ ಬಂದಿತ್ತು. ಚಿಕ್ಕ ಪೊರೆಗಳ ಒಳಗಿನ ಒಣ ಪದರದಿಂದ ಡಿಎನ್ಎ ಸಿಗುತ್ತದೋ ಎಂದು ಆರರಲ್ಲಿ ಪ್ರಯತ್ನಿಸಿದೆ. ನಾಲ್ಕು ಕೊಳೆತಿದ್ದವು. ಎರಡು ಕೊಟ್ಟವು. ಎರಡು ಮುಳ್ಳು ಕಾಣುವ ಚಿಪ್ಪು, ಹೊಂಡದ ಏಡಿಯ ಜೀನು. ಸಹಾಯಕ ಪರದೆ ನೋಡಿ "ಬಾಪ್‌ರೆ" ಎಂದ. ಆಮೇಲೆ ತಾನೇ ಹೋಗಿ ಚಹಾ ತಂದ.

ಮುಳ್ಳು ಕೈಕೊಟ್ಟ ಮೇಲೆ ಮರಿಗಳಲ್ಲಿ ನಂಬಬಹುದಾದದ್ದು ಏನು? ಅಳತೆಗಳನ್ನು ಮತ್ತೆ ಹರಡಿ ಕೂತೆವು. ಹಣೆಯ ಹಲ್ಲುಗಳು ಹೊಳೆ ಏಡಿಯಲ್ಲಿ ಮರಿಯಿಂದಲೇ ಎತ್ತರ, ಹೊಂಡದ್ದರಲ್ಲಿ ತಗ್ಗಾಗಿ ದುಂಡಗೆ. ಅದಕ್ಕಿಂತ ಸುಲಭದ್ದು ದೋಣಿಯ ಹುಟ್ಟಿನಂತೆ ಚಪ್ಪಟೆಯಾದ ಕೊನೆಯ ಈಜುಕಾಲು. ತೊಳೆದು ಬಿಸಿಲಿಗೆ ಹಿಡಿದರೆ ಹೊಳೆ ಏಡಿಯ ಮರಿಯಲ್ಲಿ ಬಲೆಯ ಕಣ್ಣಿನಂಥ ಗೆರೆಗಳು ತೆಳುವಾಗಿ ಕಾಣುತ್ತವೆ. ಹೊಂಡದ್ದರಲ್ಲಿ ಇಲ್ಲ. ನಮ್ಮ ಮರಿಗಳಲ್ಲಿ ಇವೆರಡೂ ಜೀನಿನ ಜೊತೆ ತಪ್ಪದೆ ಹೊಂದಿದವು.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಬೆಳಂಬಾರದಲ್ಲಿ ಸಂಘದ ಸಭೆ ಕರೆಸಿದೆ. ತಿನ್ನಿಸುತ್ತಿದ್ದ ಹೆಂಗಸು ಬರುವುದಿಲ್ಲ ಎಂದಿದ್ದಳು. ನಾನೇ ಮನೆಗೆ ಹೋಗಿ ಕರೆದುಕೊಂಡು ಬಂದೆ. ಬಾಗಿಲ ಬಳಿ ಕೂತಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ವಾಕ್ಯ ಜೋಡಿಸಿಕೊಂಡಿದ್ದೆ. ಜಾತಿ, ಲಕ್ಷಣ, ಅಳತೆ ಎಂದು ಶುರು ಮಾಡುವ ಹಾಗೆ. ಅವಳ ಮುಖ ನೋಡಿದ ಮೇಲೆ ಅದನ್ನೆಲ್ಲ ಬಿಟ್ಟು ಕೊನೆಯದನ್ನೇ ಮೊದಲು ಹೇಳಿದೆ.

"ತಪ್ಪು ನನ್ನದು. ದೊಡ್ಡ ಏಡಿಯ ಗುರುತನ್ನು ನಾನು ಮರಿಗೆ ಹೇಳಿಕೊಟ್ಟೆ. ನೀವು ಬಿಟ್ಟದ್ದು ಹೊಂಡದ ಏಡಿ. ಅದು ಬೆಳೆಯುವುದೇ ಇಷ್ಟು. ಶಿವರಾತ್ರಿ ಹೊತ್ತಿಗೆ ಅವು ಹೆಚ್ಚುಕಡಿಮೆ ಬೆಳೆದು ಮುಗಿದಿದ್ದವು. ತಿನ್ನಿಸಿದವರು ಸರಿಯಾಗಿಯೇ ತಿನ್ನಿಸಿದ್ದಾರೆ. ಹಿಡಿದು ಕೊಟ್ಟವನೂ ಕರಪತ್ರ ನೋಡಿಯೇ ಕೊಟ್ಟಿದ್ದಾನೆ."

ಪೊರೆಗಳ ಸಾಲನ್ನು ಚಾಪೆಯ ಮೇಲೆ ಇಟ್ಟು, ಭೂತಗನ್ನಡಿ ಕೊಟ್ಟೆ. ಒಬ್ಬೊಬ್ಬರೇ ಬಗ್ಗಿ ನೋಡಿದರು. ಒಬ್ಬ ಮುದುಕಿ "ಹಾಂಗಾರೆ ಪ್ರಾಯಕ್ಕೆ ಬಂದ ಏಡಿನ ಕೂಸು ಅಂತ ಸಾಕ್ತಿದ್ವಾ ನಾವು?" ಎಂದಳು. ಎರಡು ಮೂರು ಜನ ನಕ್ಕರು.

ಬಾಗಿಲ ಬಳಿಯಿಂದ ದನಿ ಬಂತು. "ಅಕ್ಕೋರು ತಮ್ಮ ಕಾಗ್ದ ತಿದ್ದಿ ತಂದ್ರು. ಚಲೋ ಆಯ್ತು. ನನ್ನ ಮೇಲೆ ಹಾಕಿದ ಮಾತು ಯಾರು ತಿದ್ತ್ರು?"

ಅಧ್ಯಕ್ಷೆ ಎದ್ದರು. ಸೆರಗು ಸರಿಪಡಿಸಿಕೊಂಡರು. "ನಾ ಹಾಂಗೆ ಹೇಳ್ಲಿಲ್ಲ ಅಂತ ಇವರ ಹತ್ರ ಹೇಳಿದ್ದೆ. ಹೇಳಿದವರನ್ನ ತಡೀಲೂ ಇಲ್ಲ. ತಪ್ಪಾಯ್ತು. ಮಳೆ ಕಳೆದ ಮೇಲೆ ಬೇಲಿ ಮತ್ತೆ ಕಟ್ಟೂದಾದ್ರೆ ನೀನೇ ನೋಡ್ಕಬೇಕು" ಎಂದು ಬೇಲಿಯ ಗೇಟಿನ ಕೀಲಿಕೈ ಮುಂದೆ ಚಾಚಿದರು.

ಅವಳು ತೆಗೆದುಕೊಳ್ಳಲಿಲ್ಲ.

"ಒಬ್ಳೇ ಮಾಡೂದಿಲ್ಲ. ಎಲ್ರೂ ವಾರಕ್ಕೊಂದು ದಿನ ಬರಿ. ಮೀನು ತಲೆ ನೀವೇ ಹೊತ್ಕಂಡು ಬಂದು, ನೀವೇ ಕೊಚ್ಚಿ ಹಾಕಿ. ಅವು ಎಷ್ಟು ತಿಂತವೆ ಅಂತ ನಿಮ್ಮ ಕಣ್ಣಲ್ಲೇ ನೋಡಿ. ಆಮೇಲೆ ಕೀಲಿಕೈ ಯಾರ ಹತ್ರ ಇದ್ರೂ ಅಡ್ಡಿಲ್ಲ." ನನ್ನ ಕಡೆ ತಿರುಗಿದಳು. "ನೀವೂ ಒಂದು ದಿನ."

ಗೋಡೆಗೆ ಹಚ್ಚಿದ ಕಾಗದದ ಮೇಲೆ ಹೆಸರುಗಳು ಸಾಲಾಗಿ ಬಂದವು. ನನಗೆ ಭಾನುವಾರ ಸಿಕ್ಕಿತು.

ಮಳೆಗಾಲ ಮುಗಿದು, ಈ ಸಲ ಈಜುಕಾಲನ್ನು ಬಿಸಿಲಿಗೆ ಹಿಡಿದು ಆರಿಸಿದ ಮರಿಗಳು ಬೇಲಿಗೆ ಇಳಿದ ಮೇಲಿನ ಮೊದಲ ಭಾನುವಾರ ನಾನು ಬಂಗಡೆಯ ತಲೆಗಳ ಬಕೆಟ್ ಹಿಡಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದೆ. ಇಷ್ಟು ವರ್ಷ ಏಡಿಗಳ ಜೊತೆ ಕೆಲಸ ಮಾಡಿದ್ದೇನೆ. ಅಳೆದಿದ್ದೇನೆ, ಕೊಯ್ದಿದ್ದೇನೆ, ಸೀಸೆಯಲ್ಲಿ ಇಟ್ಟಿದ್ದೇನೆ. ಒಂದಕ್ಕೂ ತಿನ್ನಿಸಿರಲಿಲ್ಲ. ಅವಳು ದಡದಲ್ಲಿ ನಿಂತು "ಬೆರಳು ಒಳಗೆ ಮಡ್ಚಿ ಹಿಡೀರಿ, ಅಕ್ಕೋರೆ" ಎಂದಳು. ಒಂದು ತಲೆ ನೀರಿಗೆ ಇಳಿಸಿದೆ. ಕೆಸರು ಕದಡಿತು. ಏನೋ ಬಂದು ಅದನ್ನು ನನ್ನ ಕೈಯಿಂದ, ನಾನು ಅಂದುಕೊಂಡದ್ದಕ್ಕಿಂತ ಮೆಲ್ಲಗೆ, ತೆಗೆದುಕೊಂಡು ಹೋಯಿತು.